ಹಳೇ ಕಾರು, ಕೆಳಗೆ ಒಂದು ಹನಿಯೂ ಇಲ್ಲ, ಆದರೂ ಇಂಜಿನ್ ಆಯಿಲ್ ಖಾಲಿ: ಎಲ್ಲಿಗೆ ಹೋಗುತ್ತಿದೆ?

ಹೇಮಾವತಿ ದಂಡೆ (ಹಾಸನ):

ಎಲ್ಲರಿಗೂ ನಮಸ್ಕಾರ. ನಮ್ಮದು 2007ರ ಪೆಟ್ರೋಲ್ ಕಾರು. 1.1 ಲೀಟರ್, ನಾಲ್ಕು ಸಿಲಿಂಡರ್, 1.3 ಲಕ್ಷ ಕಿ.ಮೀ. ಆಸುಪಾಸು ಓಡಿದೆ. ಯಾವ ಕಂಪನಿ ಎಂದು ಬರೆಯುತ್ತಿಲ್ಲ, ಈ ವಯಸ್ಸಿನ ಯಾವ ಇಂಜಿನ್ನಿಗೂ ಬರಬಹುದಾದ ತೊಂದರೆ ಇದು.

ಸುಮಾರು ಒಂದು ವರ್ಷದಿಂದ ಆಯಿಲ್ ಇಳಿಯುತ್ತಿದೆ. ಡಿಪ್‌ಸ್ಟಿಕ್‌ನ ಮೇಲಿನ ಗುರುತಿನ ತನಕ ತುಂಬಿಸಿದರೆ, 1200 ಕಿ.ಮೀ. ಓಡುವಷ್ಟರಲ್ಲಿ ಕೆಳಗಿನ ಗುರುತಿಗೆ ಬಂದಿರುತ್ತದೆ. ನಿಲ್ಲಿಸುವ ಜಾಗದಲ್ಲಿ ಕಲೆ ಇಲ್ಲ. ಇಂಜಿನ್ ಆನ್ ಮಾಡಿ ಸೈಲೆನ್ಸರ್ ಹಿಂದೆ ನಿಂತು ನೋಡಿದರೆ ಹೊಗೆಯೂ ಇಲ್ಲ. ಕೂಲೆಂಟ್ ಇಳಿದಿಲ್ಲ, ಮೈಲೇಜ್ ಮೊದಲಿನ ಹಾಗೇ ಇದೆ, ಎಮಿಷನ್ ಟೆಸ್ಟ್ ಕೂಡ ಪಾಸಾಗಿದೆ.

ಗ್ಯಾರೇಜ್‌ಗಳಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಬಾನೆಟ್ ಎತ್ತುವ ಮೊದಲೇ ರಿಂಗ್ (ಪಿಸ್ಟನ್ ಸುತ್ತ ಇರುವ ಬಳೆ) ಹೋಗಿದೆ, ಇಂಜಿನ್ ಇಳಿಸಬೇಕು ಎಂದರು. ಅವರು ಹೇಳಿದ ಖರ್ಚು ಈ ಕಾರು ಮಾರಿದರೆ ಬರುವ ಹಣದ ಅರ್ಧಕ್ಕಿಂತ ಜಾಸ್ತಿ. ಇನ್ನೊಬ್ಬರು ಹಳೇ ಗಾಡಿ ಅಲ್ವಾ, ಕುಡಿಯುತ್ತದೆ, ಹಾಕುತ್ತಾ ಇರಿ ಎಂದರು. ಮತ್ತೊಬ್ಬರು ಸುಮ್ನೆ ದಪ್ಪ ಆಯಿಲ್ ಹಾಕಿ ನೋಡಿ ಎಂದರು. ಅಮ್ಮನನ್ನು ಆಗಾಗ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದೇ ಕಾರಿನಲ್ಲಿ, ಶಿರಾಡಿ ಘಾಟಿ ಮೇಲೆ. ನಡುದಾರಿಯಲ್ಲಿ ಕೈಕೊಡಬಾರದು, ಅಷ್ಟೇ ನನಗೆ ಬೇಕಿರುವುದು. ಇಂಜಿನ್ ಬಿಚ್ಚಿಸುವ ಮೊದಲು ನಾನು ಏನೇನು ನೋಡಬೇಕು?

---

ಹಳೇ ಸ್ಪ್ಯಾನರ್ (ಶಿವಮೊಗ್ಗ):

ಬಾನೆಟ್ ಎತ್ತದೆ ರಿಂಗ್ ಹೋಗಿದೆ ಎಂದವರ ಹತ್ತಿರ ಇನ್ನೊಮ್ಮೆ ಹೋಗಬೇಡಿ. ರಿಂಗ್ ಹೋಗಿರಲೂಬಹುದು, ಆದರೆ ಅದನ್ನು ಪರೀಕ್ಷೆ ಮಾಡಿ ಹೇಳಬೇಕು.

ಆಯಿಲ್ ಹೋಗುವುದಕ್ಕೆ ಇರುವುದು ಮೂರೇ ದಾರಿ. ಹೊರಗೆ ಸೋರಬೇಕು, ಇಲ್ಲ ಪೆಟ್ರೋಲ್ ಜೊತೆ ಉರಿಯಬೇಕು, ಇಲ್ಲ ಕೂಲೆಂಟ್‌ಗೆ ಸೇರಬೇಕು. ಮೂರನೆಯದು ನಿಮ್ಮಲ್ಲಿ ಇದ್ದ ಹಾಗೆ ಕಾಣುವುದಿಲ್ಲ. ಆದರೂ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರಿನ ಮೇಲೆ ಎಣ್ಣೆಯ ಪದರ ತೇಲುತ್ತಿದೆಯಾ ಎಂದು ಒಮ್ಮೆ ನೋಡಿಬಿಡಿ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂತಹ ಬಿಳಿ ನೊರೆ ಕಂಡರೆ ಕೂಡಲೇ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಪ್ಯಾಕಿಂಗ್) ಹೋಗಿದೆ ಎಂದು ಹೆದರಬೇಡಿ. ಮಲೆನಾಡಿನ ಥಂಡಿಯಲ್ಲಿ ಬರೀ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವ ಕಾರುಗಳಲ್ಲಿ ತೇವಾಂಶಕ್ಕೇ ಹಾಗಾಗುತ್ತದೆ. ಒಂದು ಉದ್ದನೆಯ ಓಟ ಓಡಿಸಿದರೆ ಹೋಗುತ್ತದೆ.

ಮೊದಲು ಅಳತೆ ಸರಿಯಾಗಿ ಆಗಲಿ. ಸಮತಟ್ಟಾದ ಜಾಗ ಬೇಕು, ಪ್ರತಿ ಸಲ ಅದೇ ಜಾಗ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಚೇಂಬರ್‌ಗೆ (ಇಂಜಿನ್ನಿನ ತಳದ ಆಯಿಲ್ ತೊಟ್ಟಿ) ಇಳಿಯಬೇಕು. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ನೋಡಿ. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ, ಕಾರು ಸ್ವಲ್ಪ ವಾಲಿ ನಿಂತಿರುವಾಗ ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಹಾಕಿದಿರಿ ಎಂಬುದನ್ನೂ ಅಂದಾಜಿನಲ್ಲಿ ಬರೆಯಬೇಡಿ. ಕ್ಯಾನ್ ಅನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು, ಹಾಕುವ ಮೊದಲು ಮತ್ತು ಹಾಕಿದ ಮೇಲೆ ತೂಕ ನೋಡಿ. ಒಂದು ಲೀಟರ್ ಇಂಜಿನ್ ಆಯಿಲ್ ಸುಮಾರು 870 ಗ್ರಾಂ ತೂಗುತ್ತದೆ. ಕಿ.ಮೀ. ಜೊತೆ ಬರೆದಿಡಿ.

ಈಗ ಸೋರಿಕೆ. ಕೆಳಗೆ ಹನಿ ಇಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎಂದಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಇಂಜಿನ್ ಓಡುವಾಗ ಮಾತ್ರ ಒಳಗೆ ಪ್ರೆಶರ್ ಇರುತ್ತದೆ. ಎಷ್ಟೋ ಸೋರಿಕೆಗಳು ಬಿಸಿಯಾಗಿ ಓಡುವಾಗ ಮಾತ್ರ ಆಗುತ್ತವೆ, ನಿಲ್ಲಿಸಿದ ಕೂಡಲೇ ನಿಲ್ಲುತ್ತವೆ. ಹೊರಬಂದ ಆಯಿಲ್ ಗಾಳಿಗೆ ಹಿಂದಕ್ಕೆ ಹಾರಿ ಕಾರಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್‌ನಿಂದ ಸೋರಿದ್ದು ಎಕ್ಸಾಸ್ಟ್ ಮೇಲೆ ಬಿದ್ದು ಅಲ್ಲೇ ಸುಟ್ಟು ಹೋಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಫ್ಯಾನ್ ಗಾಳಿಯಲ್ಲಿ ಸುಟ್ಟ ಎಣ್ಣೆ ವಾಸನೆ ಬರುತ್ತದೆಯಾ, ಗಮನಿಸಿ.

ಒಂದು ದಿನ ಇಂಜಿನ್ ಮತ್ತು ಚೇಂಬರ್ ಸುತ್ತ ಬ್ರಷ್‌ನಿಂದ ಪೂರ್ತಿ ತೊಳೆಸಿ. ಆಲ್ಟರ್ನೇಟರ್, ಕಾಯಿಲ್, ವೈರಿಂಗ್ ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಸುತ್ತಿಸಿ, ನೀರಿನ ಪ್ರೆಶರ್ ನೇರವಾಗಿ ಹೊಡೆಸಬೇಡಿ. ಒಣಗಿದ ಮೇಲೆ ಅನುಮಾನ ಇರುವ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ ಐವತ್ತು ಕಿ.ಮೀ. ಓಡಿಸಿ. ಸೋರುವ ಜಾಗದಲ್ಲಿ ಪೌಡರ್ ಕಪ್ಪಾಗಿ ಗೆರೆ ಬಿದ್ದಿರುತ್ತದೆ. ಯಾವಾಗಲೂ ಅತಿ ಮೇಲಿನ ಒದ್ದೆ ಜಾಗ ಹುಡುಕಿ, ಕೆಳಗಿನದೆಲ್ಲ ಅಲ್ಲಿಂದಲೇ ಇಳಿದಿರುತ್ತದೆ. ಎಷ್ಟೋ ಸಲ ಚೇಂಬರ್ ಪ್ಯಾಕಿಂಗ್ ಬದಲಾಯಿಸಿ ದುಡ್ಡು ತೆಗೆದುಕೊಳ್ಳುತ್ತಾರೆ, ಸೋರುತ್ತಿದ್ದದ್ದು ಮಾತ್ರ ಮೇಲಿನ ಟ್ಯಾಪೆಟ್ ಕವರ್.

ಜನ ನೋಡದೆ ಬಿಡುವ ಒಂದು ಜಾಗ ಆಯಿಲ್ ಪ್ರೆಶರ್ ಸ್ವಿಚ್. ಹೆಬ್ಬೆರಳು ಗಾತ್ರದ್ದು, ಬ್ಲಾಕ್‌ಗೆ ಸ್ಕ್ರೂ ಆಗಿರುತ್ತದೆ. ಇದು ಹಳೆಯದಾದರೆ ಒಳಗಿನಿಂದಲೇ ಆಯಿಲ್ ಬಿಟ್ಟು, ಕನೆಕ್ಟರ್ ಒಳಗೆ ತುಂಬಿಕೊಳ್ಳುತ್ತದೆ. ವೈರ್ ಕಿತ್ತು ನೋಡಿ, ಒಳಗೆ ಎಣ್ಣೆ ಇದ್ದರೆ ಸ್ವಿಚ್ ಬದಲಾಯಿಸಿ, ಅಲ್ಲಿಗೆ ಅದರ ಕತೆ ಮುಗಿಯಿತು. ಗೇರ್ ಬಾಕ್ಸ್ ಮತ್ತು ಇಂಜಿನ್ ಸೇರುವ ಜಾಗದಲ್ಲಿ ಕೆಳಗೆ ಒದ್ದೆ ಇದ್ದರೆ ಮಾತ್ರ ಸ್ವಲ್ಪ ದೊಡ್ಡ ಕೆಲಸ, ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡ) ಹಿಂದಿನ ಆಯಿಲ್ ಸೀಲ್ ಇರಬಹುದು. ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕು.

ಹಾಗೇ ಪಿಸಿವಿ ವಾಲ್ವ್ ತೆಗೆದು ನೋಡಿ. ಇಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಬರುವ ದಾರಿಗೆ, ಬಿಡುವ ಸಣ್ಣ ವಾಲ್ವ್ ಅದು. ಕಿವಿ ಹತ್ತಿರ ಅಲ್ಲಾಡಿಸಿದರೆ ಟಕ ಟಕ ಎನ್ನಬೇಕು. ಎನ್ನದಿದ್ದರೆ ಒಳಗೆ ಕಾರ್ಬನ್ ಕಟ್ಟಿದೆ. ಮುಚ್ಚಿಕೊಂಡು ಕೂತರೆ ಇಂಜಿನ್ ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದೆ ಎಲ್ಲ ಸೀಲ್‌ಗಳಿಂದ ಆಯಿಲ್ ಹೊರಗೆ ತಳ್ಳುತ್ತದೆ. ತೆರೆದುಕೊಂಡೇ ನಿಂತರೆ ಆಯಿಲ್ ಆವಿಯನ್ನು ಇನ್‌ಟೇಕ್‌ಗೆ ಎಳೆದು ಉರಿಸುತ್ತದೆ. ಇಷ್ಟು ಅಗ್ಗದ ಭಾಗಕ್ಕೋಸ್ಕರ ಇಂಜಿನ್ ಇಳಿಸಿದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

---

ಕಾಫಿ ತೋಟ (ಮೂಡಿಗೆರೆ):

ಹಳೇ ಸ್ಪ್ಯಾನರ್ ಅವರು ಎಲ್ಲ ಹೇಳಿದ್ದಾರೆ, ಒಂದನ್ನು ಮಾತ್ರ ಸೇರಿಸುತ್ತೇನೆ. ಮೀಟರ್‌ನಲ್ಲಿ ಬರುವ ಕೆಂಪು ಆಯಿಲ್ ದೀಪವನ್ನು ನಂಬಿಕೊಂಡು ಓಡಿಸಬೇಡಿ. ಅದು ಆಯಿಲ್ ಎಷ್ಟಿದೆ ಎಂದು ಹೇಳುವ ದೀಪ ಅಲ್ಲ, ಪ್ರೆಶರ್ ಬಿದ್ದಿದೆ ಎಂದು ಹೇಳುವ ದೀಪ. ಅದು ಹೊತ್ತುವ ಹೊತ್ತಿಗೆ ಚೇಂಬರ್ ಹೆಚ್ಚು ಕಡಿಮೆ ಬರಿದಾಗಿರುತ್ತದೆ, ಬೇರಿಂಗ್‌ಗೆ ಪೆಟ್ಟು ಬಿದ್ದಿರುತ್ತದೆ. ಘಾಟಿಯ ತಿರುವಿನಲ್ಲಿ ದೀಪ ಮಿಣುಕಿದರೆ ಅಲ್ಲೇ ಬದಿಗೆ ಹಾಕಿ ಆಫ್ ಮಾಡಿ, ಮುಂದಿನ ಊರಿನ ತನಕ ಹೋಗೋಣ ಎನ್ನಬೇಡಿ.

ಹಾಗೆಂದು ಮೇಲಿನ ಗುರುತು ದಾಟಿಸಿ ತುಂಬಿಸಲೂ ಬೇಡಿ. ಜಾಸ್ತಿಯಾದ ಆಯಿಲ್‌ಗೆ ಕ್ರ್ಯಾಂಕ್ ಬಡಿದು ನೊರೆ ಬರುತ್ತದೆ, ಬ್ರೀದರ್ ಪೈಪ್‌ನಿಂದ ಏರ್ ಫಿಲ್ಟರ್‌ಗೆ ಹೋಗುತ್ತದೆ.

---

ಗಾಡಿ ಗಂಗಣ್ಣ:

ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳುವುದು ಯಾಕೆ ಸರ್. 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕಿ ಓಡಿಸಿ. ಅದಕ್ಕೂ ಮೊದಲು ಒಂದು ಲೀಟರ್ ಡೀಸೆಲ್ ಹಾಕಿ ಹತ್ತು ನಿಮಿಷ ಆನ್ ಮಾಡಿಟ್ಟು ಫ್ಲಷ್ ಹೊಡೆಸಿ, ಒಳಗಿನ ಕೊಳೆ ಎಲ್ಲ ಬರುತ್ತದೆ. ನಮ್ಮ ಕಡೆ ಎಲ್ಲರೂ ಮಾಡುವುದು ಇದೇ.

---

ಹೇಮಾವತಿ ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತೊಳೆಸಿ, ಪೌಡರ್ ಹಾಕಿ ನೋಡಿದೆ. ಪ್ರೆಶರ್ ಸ್ವಿಚ್ ಕನೆಕ್ಟರ್ ಒಳಗೆ ನಿಜವಾಗಿಯೂ ಎಣ್ಣೆ ಇತ್ತು, ಬದಲಾಯಿಸಿದೆ. ಬೇರೆ ಕಡೆ ಎಲ್ಲ ಒಣಗಿದೆ. ಪಿಸಿವಿ ಅಲ್ಲಾಡಿಸಿದರೆ ಸದ್ದು ಬರಲಿಲ್ಲ, ಅದನ್ನೂ ಹೊಸದು ಹಾಕಿಸಿದೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಸ್ವಲ್ಪ ಎಣ್ಣೆ ಜಿಡ್ಡು ಇತ್ತು. ಈಗ ಇಳಿಯುವುದು ಸ್ವಲ್ಪ ಕಡಿಮೆಯಾಗಿದೆ, ನಿಂತಿಲ್ಲ. ತೂಕದ ಲೆಕ್ಕದಲ್ಲಿ 1000 ಕಿ.ಮೀ.ಗೆ ಅರ್ಧ ಲೀಟರ್ ಹೋಗುತ್ತಿದೆ.

ಒಂದು ಹೊಸ ವಿಷಯ ಗೊತ್ತಾಯಿತು. ಹೋದ ಸಲ ಮಂಗಳೂರಿಗೆ ಹೋಗುವಾಗ ನನ್ನ ಭಾವ ಹಿಂದಿನ ಕಾರಿನಲ್ಲಿದ್ದರು. ಘಾಟಿಯ ಮೇಲಿನ ದೋಣಿಗಾಲ್‌ನಿಂದ ಇಳಿಯುವಾಗ ಏನೂ ಇರಲಿಲ್ಲವಂತೆ. ಘಾಟಿಯ ಕೆಳಗಿನ ಗುಂಡ್ಯ ತಲುಪಿ ನಾನು ಮತ್ತೆ ಆಕ್ಸಿಲರೇಟರ್ ಒತ್ತಿದ ಕೂಡಲೇ ದಟ್ಟನೆಯ ನೀಲಿ ಹೊಗೆ ಒಮ್ಮೆ ಬಂದು ಆಮೇಲೆ ಇಲ್ಲವಾಯಿತಂತೆ. ವಾಪಸ್ ಬರುವಾಗ ಘಾಟಿ ಹತ್ತಿದಾಗ ಹೊಗೆ ಇರಲಿಲ್ಲ ಎಂದರು. ಇದರಿಂದ ಏನಾದರೂ ಗೊತ್ತಾಗುತ್ತದೆಯಾ?

---

ಪೀಣ್ಯ ಎರಡನೇ ಹಂತ (ಬೆಂಗಳೂರು):

ಗೊತ್ತಾಗುತ್ತದೆ, ಬಹಳ ಗೊತ್ತಾಗುತ್ತದೆ. ನಿಮ್ಮ ಭಾವ ನೋಡಿದ್ದು ಯಾವ ಗ್ಯಾರೇಜ್‌ನಲ್ಲೂ ನಿಂತಲ್ಲೇ ಸಿಗುವ ಮಾಹಿತಿ ಅಲ್ಲ.

ಘಾಟಿ ಇಳಿಯುವಾಗ ನೀವು ಸೆಕೆಂಡ್ ಅಥವಾ ಥರ್ಡ್ ಗೇರ್‌ನಲ್ಲಿ ಕಾಲು ತೆಗೆದು ಇಳಿಯುತ್ತೀರಿ ಅಲ್ವಾ. ಆಗ ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಮುಚ್ಚಿರುತ್ತದೆ, ಆದರೆ ಚಕ್ರಗಳು ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತವೆ. ಸಿಲಿಂಡರ್‌ಗಳು ಗಾಳಿ ಎಳೆಯಲು ನೋಡುತ್ತವೆ, ಗಾಳಿ ಸಿಗುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಅತಿ ಜಾಸ್ತಿ ಇರುವ ಹೊತ್ತು ಅದು. ವಾಲ್ವ್‌ಗಳು ಓಡಾಡುವ ಗೈಡ್‌ಗಳ ಮೇಲೆ ಸಣ್ಣ ರಬ್ಬರ್ ಸೀಲ್ ಇರುತ್ತದೆ. ಹದಿನೈದು ವರ್ಷ ದಾಟಿದ ಮೇಲೆ ಆ ರಬ್ಬರ್ ಗಟ್ಟಿಯಾಗಿ ವಾಲ್ವ್ ಕಾಂಡವನ್ನು ಹಿಡಿಯುವುದಿಲ್ಲ. ವ್ಯಾಕ್ಯೂಮ್ ಮೇಲಿನ ಆಯಿಲನ್ನು ಆ ಸಂದಿಯಿಂದ ಒಳಗೆ ಎಳೆಯುತ್ತದೆ. ಇಳಿಜಾರಿನಲ್ಲಿ ಇಂಜೆಕ್ಷನ್ ಇಂಜಿನ್‌ಗಳು ಪೆಟ್ರೋಲ್ ಕಟ್ ಮಾಡುತ್ತವೆ, ಹಾಗಾಗಿ ಒಳಗೆ ಬಂದ ಆಯಿಲ್ ಉರಿಯದೆ ಶೇಖರವಾಗುತ್ತದೆ. ಗುಂಡ್ಯದಲ್ಲಿ ಕಾಲು ಇಟ್ಟ ಕೂಡಲೇ ಅಷ್ಟೂ ಒಟ್ಟಿಗೆ ಉರಿಯುತ್ತದೆ. ಭಾವ ಕಂಡದ್ದು ಅದನ್ನೇ.

ರಿಂಗ್ ಮತ್ತು ಬೋರ್ (ಸಿಲಿಂಡರ್‌ನ ಒಳಗೋಡೆ) ಸವೆದಿದ್ದರೆ ಸಾಮಾನ್ಯವಾಗಿ ಹತ್ತುವಾಗ, ಲೋಡ್ ಇರುವಾಗ, ಬಿಡದೆ ಹೊಗೆ ಬರುತ್ತದೆ. ನಿಮಗೆ ಬಂದಿಲ್ಲ. ಇನ್ನೊಂದು ನೋಡಿ. ರಾತ್ರಿ ಪೂರ್ತಿ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಯಾರನ್ನಾದರೂ ಹಿಂದೆ ನಿಲ್ಲಿಸಿ. ಮೊದಲ ಎರಡು ಮೂರು ಸೆಕೆಂಡ್ ನೀಲಿ ಹೊಗೆ ಬಂದರೆ ಅದೂ ವಾಲ್ವ್ ಸೀಲ್ ಕಡೆಗೇ ಕೈ ತೋರಿಸುತ್ತದೆ. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಜೋರಾಗಿ ರೇಸ್ ಮಾಡಿಯೂ ನೋಡಬಹುದು. ಐಡಲ್‌ನಲ್ಲಿ ಹೊಗೆ ಇಲ್ಲ, ಎಮಿಷನ್ ಪಾಸಾಗಿದೆ ಎಂದು ಬರೆದಿದ್ದೀರಿ. ಸ್ವಲ್ಪ ಸ್ವಲ್ಪವಾಗಿ ಉರಿಯುವ ಆಯಿಲನ್ನು ಬಿಸಿಯಾದ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಭಾಗ) ಮರೆಮಾಚಿಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗೇ ವರ್ಷಗಟ್ಟಲೆ ಬಿಟ್ಟರೆ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಎರಡೂ ಹಾಳಾಗುತ್ತವೆ. ಅದಕ್ಕೇ ಹಾಕುತ್ತಾ ಇರಿ ಎಂಬ ಸಲಹೆ ನನಗೆ ಒಪ್ಪಿಗೆ ಇಲ್ಲ.

ಆದರೂ ಒಂದು ಎಚ್ಚರ. ಇದೇ ವ್ಯಾಕ್ಯೂಮ್ ಪಿಸ್ಟನ್‌ನ ಆಯಿಲ್ ರಿಂಗ್ ದಾಟಿಸಿಯೂ ಆಯಿಲ್ ಎಳೆಯಬಲ್ಲದು. ಆದ್ದರಿಂದ ಪ್ಲಗ್ ಬಿಚ್ಚಿಸಿ, ಯಾವ ಸಿಲಿಂಡರ್‌ನದು ಎಂದು ಗುರುತು ಹಾಕಿ ಫೋಟೋ ತೆಗೆಯಿರಿ. ತುದಿ ಕಪ್ಪಾಗಿ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನಲ್ಲಿ ಆಯಿಲ್ ಉರಿಯುತ್ತಿದೆ. ಬರೀ ಮೇಲಿನ ಭಾಗ, ಪಿಂಗಾಣಿಯ ಹತ್ತಿರ ಎಣ್ಣೆ ಇದ್ದರೆ ಅದು ಪ್ಲಗ್ ಗುಂಡಿಯ ಸೀಲ್ ಸೋರಿಕೆ, ಬೇರೆ ವಿಷಯ. ಜೊತೆಗೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆಯುವುದು) ಮಾಡಿಸಿ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದಿರಬೇಕು, ಇಗ್ನಿಷನ್ ಕನೆಕ್ಟರ್ ಕಿತ್ತಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಚಾರ್ಜ್ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಬರುವ ಸಂಖ್ಯೆಗೆ ಅರ್ಥ ಇಲ್ಲ. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಸಂಖ್ಯೆ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಮೆಕ್ಯಾನಿಕ್‌ಗಳಲ್ಲೂ ಹಲವರು ತಪ್ಪು ತಿಳಿದಿರುವ ಒಂದು ವಿಷಯ ಇದೆ. ಕಂಪ್ರೆಷನ್ ಚೆನ್ನಾಗಿದ್ದರೆ ರಿಂಗ್ ಎಲ್ಲ ಚೆನ್ನಾಗಿದೆ ಎಂದಲ್ಲ. ಪಿಸ್ಟನ್ ಮೇಲೆ ಮೂರು ರಿಂಗ್ ಇರುತ್ತವೆ. ಮೇಲಿನ ಎರಡು ಕಂಪ್ರೆಷನ್ ಹಿಡಿಯುತ್ತವೆ, ಕೆಳಗಿನದು ಗೋಡೆಯ ಆಯಿಲ್ ಕೆರೆದು ವಾಪಸ್ ಕಳಿಸುತ್ತದೆ. ಕಾರ್ಬನ್ ಕಟ್ಟಿ ಆ ಕೆಳಗಿನದು ಮಾತ್ರ ಅಂಟಿಕೊಂಡಿದ್ದರೆ ಟೆಸ್ಟ್‌ನಲ್ಲಿ ಒಳ್ಳೆಯ ಸಂಖ್ಯೆಯೇ ಬರುತ್ತದೆ, ಆಯಿಲ್ ಮಾತ್ರ ಹೋಗುತ್ತಲೇ ಇರುತ್ತದೆ. ಹಾಗಾಗಿ ಟೆಸ್ಟ್, ಪ್ಲಗ್, ಹೊಗೆ ಬರುವ ಹೊತ್ತು, ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಗಂಗಣ್ಣ ಅವರೇ, ಡೀಸೆಲ್ ಫ್ಲಷ್ ವಿಷಯ ದಯವಿಟ್ಟು ಯಾರಿಗೂ ಹೇಳಬೇಡಿ. ಡೀಸೆಲ್‌ಗೆ ಬೇರಿಂಗ್ ಕಾಪಾಡುವಷ್ಟು ದಪ್ಪ ಇಲ್ಲ. ಹಳೇ ಇಂಜಿನ್‌ನಲ್ಲಿ ಎಲ್ಲೋ ಸುಮ್ಮನೆ ಕೂತಿದ್ದ ಕೊಳೆ ಒಮ್ಮೆಲೇ ಕಿತ್ತು ಬಂದು ಆಯಿಲ್ ಪಂಪ್‌ನ ಜಾಲರಿಗೆ ಅಡ್ಡ ಕೂರುತ್ತದೆ. ಆಯಿಲ್ ಉಳಿಸಲು ಹೋಗಿ ಇಂಜಿನ್ನೇ ಹೋಗುತ್ತದೆ.

---

ಗಾಡಿ ಗಂಗಣ್ಣ:

ಫ್ಲಷ್ ವಿಷಯ ಒಪ್ಪಿದೆ ಸರ್. ಆದರೆ ದಪ್ಪ ಆಯಿಲ್ ಹಾಕಿದರೆ ಕುಡಿಯುವುದು ಕಡಿಮೆಯಾಗುವುದು ನಿಜ, ನಾನೇ ನೋಡಿದ್ದೇನೆ.

---

ಹಳೇ ಸ್ಪ್ಯಾನರ್ (ಶಿವಮೊಗ್ಗ):

ನಿಜ, ಕಡಿಮೆಯಾಗುತ್ತದೆ. ಕೈಪಿಡಿ ಒಪ್ಪುವ ಗ್ರೇಡ್‌ಗಳ ಒಳಗೇ ದಪ್ಪದ ಕಡೆಗೆ ಹೋಗುವುದಕ್ಕೆ ನನ್ನದೂ ಅಭ್ಯಂತರ ಇಲ್ಲ. ನಮ್ಮ ಹವೆಗೆ ಹಳೇ ಪೆಟ್ರೋಲ್ ಕಾರುಗಳಲ್ಲಿ 20ಡಬ್ಲ್ಯೂ-40 ಬಹಳ ಕಾಲ ಓಡಿದೆ. ಈಗ ಕೆಲವು ಕಡೆ ಎಲ್ಲ ಕಾರಿಗೂ ಒಂದೇ ತೆಳು 5ಡಬ್ಲ್ಯೂ-30 ಹಾಕಿ ಕಳಿಸುತ್ತಾರೆ. ಹೇಮಾವತಿ ದಂಡೆಯವರೇ, ಆಯಿಲ್ ಇಳಿಯಲು ಶುರುವಾದ ಹೊತ್ತಿನಲ್ಲಿ ಸರ್ವಿಸ್ ಬಿಲ್‌ನಲ್ಲಿ ಯಾವ ಗ್ರೇಡ್ ಇದೆ ಎಂದು ತೆಗೆದು ನೋಡಿ. ಆದರೆ ಗಂಗಣ್ಣ, ಗಟ್ಟಿಯಾದ ರಬ್ಬರ್ ಸೀಲ್ ದಪ್ಪ ಆಯಿಲ್‌ಗೆ ಮೆತ್ತಗಾಗುವುದಿಲ್ಲ. ಸ್ವಲ್ಪ ಕಾಲ ತಳ್ಳಬಹುದು ಅಷ್ಟೇ.

ವಾಲ್ವ್ ಸೀಲ್ ಎಂದು ಖಾತ್ರಿಯಾದರೆ ಹೆಡ್ ಇಳಿಸಲೇಬೇಕು ಎಂದೇನಿಲ್ಲ. ಒಂದೊಂದೇ ಸಿಲಿಂಡರ್‌ನ ಪಿಸ್ಟನ್ ಮೇಲೆ ತಂದು, ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ಕೊಟ್ಟು ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು, ಸ್ಪ್ರಿಂಗ್ ಒತ್ತಿ, ಲಾಕ್ ತೆಗೆದು ಸೀಲ್ ಬದಲಾಯಿಸಬಹುದು. ಗಾಳಿ ಇಲ್ಲದ ಕಡೆ ನೂಲಿನ ಹಗ್ಗ ತುಂಬಿಸಿಯೂ ಮಾಡುತ್ತಾರೆ. ಸೀಲ್ ಸೆಟ್‌ಗೆ ದೊಡ್ಡ ಬೆಲೆ ಇಲ್ಲ, ಕೆಲಸದ ಕೂಲಿಯೇ ಜಾಸ್ತಿ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಕಂಪನಿಯದು ಸಿಗುತ್ತದೆ. ಸೀಲ್ ತೆಗೆದಾಗ ವಾಲ್ವನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಲು ಹೇಳಿ. ಜಾಸ್ತಿ ಆಡಿದರೆ ಗೈಡ್ ಸವೆದಿದೆ, ಹೊಸ ಸೀಲ್ ಬೇಗ ಹಾಳಾಗುತ್ತದೆ. ಆಗ ಮಾತ್ರ ಹೆಡ್ ಇಳಿಸಿ ಲೇತ್‌ಗೆ ಕೊಡಬೇಕು. ಟೈಮಿಂಗ್ ಬೆಲ್ಟ್ ಬಿಚ್ಚುವ ಹಾಗಿದ್ದರೆ ಬೆಲ್ಟ್ ಮತ್ತು ಕ್ಯಾಮ್ ಆಯಿಲ್ ಸೀಲ್ ಎರಡನ್ನೂ ಅದೇ ಕೂಲಿಯಲ್ಲಿ ಹೊಸದು ಹಾಕಿಸಿಬಿಡಿ.

---

ಹೇಮಾವತಿ ದಂಡೆ:

ತಡವಾಗಿ ಬರೆಯುತ್ತಿದ್ದೇನೆ, ಕೆಲಸ ಮುಗಿದು ಸ್ವಲ್ಪ ಓಡಿಸಿ ನೋಡಿಯೇ ಬರೆಯೋಣ ಎಂದುಕೊಂಡೆ.

ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಹೊಗೆ ಇತ್ತು, ಪೀಣ್ಯದವರು ಹೇಳಿದ ಹಾಗೇ ಒಂದೆರಡು ಸೆಕೆಂಡ್. ಕಂಪ್ರೆಷನ್ 175, 172, 164, 174 ಪಿಎಸ್ಐ ಬಂತು. ಪ್ಲಗ್‌ಗಳಲ್ಲಿ ಎರಡನೆಯದು ಮತ್ತು ಮೂರನೆಯದು ಕಪ್ಪಾಗಿ ಜಿಡ್ಡಾಗಿದ್ದವು. ಹೆಡ್ ಇಳಿಸದೆ ಗಾಳಿ ಕೊಟ್ಟು ಸೀಲ್ ಹಾಕುವ ಮೆಕ್ಯಾನಿಕ್ ಹಾಸನದಲ್ಲೇ ಸಿಕ್ಕರು. ಕಳಚಿದ ಸೀಲ್‌ಗಳನ್ನು ತೋರಿಸಿದರು. ಬೆರಳಲ್ಲಿ ಒತ್ತಿದರೆ ಬಗ್ಗುವುದರ ಬದಲು ಮುರಿಯುತ್ತಿದ್ದವು. ಗೈಡ್‌ಗಳಲ್ಲಿ ಆಟ ಇಲ್ಲ ಎಂದರು. ಬೆಲ್ಟ್ ಕೂಡ ಹೊಸದಾಯಿತು. ಒಟ್ಟು ಖರ್ಚು ಇಂಜಿನ್ ಇಳಿಸಲು ಕೇಳಿದ್ದರ ಐದನೇ ಒಂದು ಭಾಗವೂ ಆಗಲಿಲ್ಲ.

ಈಗ ತೂಕದ ಲೆಕ್ಕದಲ್ಲಿ 1000 ಕಿ.ಮೀ.ಗೆ 100 ಮಿ.ಲೀ. ಆಸುಪಾಸು ಇಳಿಯುತ್ತಿದೆ. ಮೂರನೇ ಸಿಲಿಂಡರ್‌ನ ಪ್ಲಗ್ ಮಾತ್ರ ಇನ್ನೂ ಸ್ವಲ್ಪ ಕಪ್ಪಾಗುತ್ತಿದೆ. ಅದಕ್ಕೆ ಏನಾದರೂ ಮಾಡಿಸಬೇಕಾ? ಮುಂದಿನ ವರ್ಷ ಆರ್‌ಸಿ ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ.

---

ಪೀಣ್ಯ ಎರಡನೇ ಹಂತ (ಬೆಂಗಳೂರು):

ಓದಿ ತುಂಬಾ ಖುಷಿಯಾಯಿತು. ಮೂರನೆಯದರಲ್ಲಿ ಕಂಪ್ರೆಷನ್ ಕೂಡ ಉಳಿದವಕ್ಕಿಂತ ಸ್ವಲ್ಪ ಕಡಿಮೆ ಇದೆ, ಅಲ್ಲಿ ರಿಂಗ್‌ನಲ್ಲಿ ಕಾರ್ಬನ್ ಇರಬಹುದು. ಆದರೆ ವ್ಯತ್ಯಾಸ ಹತ್ತು ಪರ್ಸೆಂಟ್ ಒಳಗೇ ಇದೆ. 1000 ಕಿ.ಮೀ.ಗೆ 100 ಮಿ.ಲೀ. ಈ ವಯಸ್ಸಿನ ಇಂಜಿನ್‌ಗೆ ಒಳ್ಳೆಯ ಲೆಕ್ಕ. ಹೊಸ ಕಾರಿಗೇ 1000 ಕಿ.ಮೀ.ಗೆ ಅರ್ಧ ಲೀಟರ್ ತನಕ ನಡೆಯುತ್ತದೆ ಎಂದು ಬರೆಯುವ ಕಂಪನಿಗಳಿವೆ. ಈಗ ಏನೂ ಬಿಚ್ಚಿಸಬೇಡಿ. ಆ ಒಂದು ಪ್ಲಗ್ ಹೊಸದು ಹಾಕಿ, ಮುಂದಿನ ಆಯಿಲ್ ಚೇಂಜ್‌ನಲ್ಲಿ ತೆಗೆದು ನೋಡಿ. ಆಯಿಲ್ ಚೇಂಜ್ ಅನ್ನು 5000 ಕಿ.ಮೀ.ಗೇ ಮಾಡಿಸಿ, ಕಾರ್ಬನ್ ಇದ್ದರೆ ನಿಧಾನವಾಗಿ ಬಿಡಬಹುದು. ಅಷ್ಟರಲ್ಲಿ ಬಳಕೆ 1000 ಕಿ.ಮೀ.ಗೆ 300 ಮಿ.ಲೀ. ದಾಟಿದರೆ ಇಲ್ಲೇ ಬರೆಯಿರಿ, ಆಗ ಸಿಲಿಂಡರ್ ಒಳಗೆ ಬೋರ್‌ಸ್ಕೋಪ್ ಕ್ಯಾಮೆರಾ ಬಿಟ್ಟು ನೋಡೋಣ.

---

ಕಾಫಿ ತೋಟ (ಮೂಡಿಗೆರೆ):

ಹಾಕಿರುವ ಅದೇ ಗ್ರೇಡ್ ಆಯಿಲ್ ಒಂದು ಲೀಟರ್, ಒಂದು ಚಿಕ್ಕ ಫನೆಲ್, ಒಂದು ಹಳೇ ಬಟ್ಟೆ ಡಿಕ್ಕಿಯಲ್ಲಿ ಇಟ್ಟಿರಿ. ಗುಂಡ್ಯದಿಂದ ಮೇಲೆ ಹತ್ತುವಾಗ ರಾತ್ರಿ ಹೊತ್ತು ಅಂಗಡಿ ಸಿಗುವುದಿಲ್ಲ. ಅಮ್ಮನಿಗೆ ಬೇಗ ಗುಣವಾಗಲಿ.